ಐಬಿಎಸ್ ಅಂದರು, ನಂಬಿಕೆ ಬರಲಿಲ್ಲ: ಒಬ್ಬ ಟೀಚರ್ ಪ್ರಕರಣ

ನಾನು ಆಹಾರ ತಜ್ಞೆ. ಕರುಳಿನ ತೊಂದರೆ ಇರುವವರ ಜೊತೆಯಲ್ಲೇ ನನ್ನ ಕೆಲಸ ಜಾಸ್ತಿ. ಇಲ್ಲಿ ಬರೆಯುತ್ತಿರುವುದು ಒಬ್ಬರ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳಲ್ಲಿ ಕೆಲವನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟೇ ಬಿಟ್ಟಿದ್ದೇನೆ. ಅವರನ್ನು ಸುಮ್ನೆ ಟೀಚರ್ ಅಂತ ಕರೆಯುತ್ತೇನೆ.

ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಹೊಟ್ಟೆನೋವಿನ ಜೊತೆ ಭೇದಿ ಅಥವಾ ಮಲಬದ್ಧತೆ ಮತ್ತೆ ಮತ್ತೆ ಬರುವ ಕರುಳಿನ ತೊಂದರೆ) ಅಂತ ಹೇಳಿಸಿಕೊಂಡು ಮನೆಗೆ ಬಂದ ಎಷ್ಟೋ ಜನಕ್ಕೆ ಒಂದು ಅನುಮಾನ ಒಳಗೊಳಗೇ ಕೊರೆಯುತ್ತಿರುತ್ತದೆ. ಡಾಕ್ಟರ್ ಕಣ್ಣಿಗೆ ಏನಾದರೂ ಬೀಳದೇ ಹೋಗಿರಬಹುದಾ ಅಂತ. ಮನೆಯವರು "ಸುಮ್ಮನೆ ಯೋಚನೆ ಮಾಡಬೇಡ" ಅಂದುಬಿಡುತ್ತಾರೆ. ಪರಿಚಯದವರು ಯಾರಿಗೋ ಏನೋ ಆದ ಕಥೆ ಹೇಳಿ ಹೆದರಿಸುತ್ತಾರೆ. ಎರಡರಿಂದಲೂ ಅನುಮಾನ ಕಡಿಮೆ ಆಗುವುದಿಲ್ಲ. ಟೀಚರ್ ವಿಷಯದಲ್ಲಿ ಆ ಅನುಮಾನ ಅರ್ಧ ಸರಿ ಇತ್ತು, ಅರ್ಧ ತಪ್ಪಿತ್ತು. ಯಾವ ಅರ್ಧ ಸರಿ ಅಂತ ಕಂಡುಹಿಡಿದದ್ದು ಹೇಗೆ ಅನ್ನುವುದೇ ಇಲ್ಲಿ ಮುಖ್ಯ.

ಹಿನ್ನೆಲೆ

ಟೀಚರ್‌ಗೆ ಆಗ ನಲವತ್ತೈದು ದಾಟಿತ್ತು. ಹೈಸ್ಕೂಲ್ ಮಕ್ಕಳಿಗೆ ಪಾಠ. ಹೊಟ್ಟೆನೋವು ಕಾಲೇಜು ದಿನಗಳಿಂದಲೂ ಇತ್ತು. ಬರುತ್ತಿತ್ತು, ಹೋಗುತ್ತಿತ್ತು, ಪರೀಕ್ಷೆ ಹತ್ತಿರ ಬಂದಾಗ ಜಾಸ್ತಿ ಆಗುತ್ತಿತ್ತು, ಟಾಯ್ಲೆಟ್‌ಗೆ ಹೋಗಿ ಬಂದರೆ ಹಗುರ ಅನ್ನಿಸುತ್ತಿತ್ತು. ಅದನ್ನವರು ಕಾಯಿಲೆ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ಕೆಲವು ವರ್ಷಗಳಿಂದ ಇನ್ನೊಂದು ತೊಂದರೆ ಸೇರಿಕೊಂಡಿತ್ತು. ಬೆಳಿಗ್ಗೆ ತಿಂಡಿ ತಿಂದ ಸ್ವಲ್ಪ ಹೊತ್ತಿಗೇ ತಡೆಯಲಾಗದ ಅವಸರ, ನೀರಿನಂಥ ಭೇದಿ, ಕೆಲವು ದಿನ ಒಂದರ ಹಿಂದೆ ಒಂದು. ಪಾಠ ನಡೆಯುವಾಗ ಮಧ್ಯೆ ಕ್ಲಾಸ್ ಬಿಟ್ಟು ಓಡುವ ಹಾಗಿಲ್ಲ ಅಲ್ವಾ? ಹಾಗಾಗಿ ಶಾಲೆ ಇರುವ ದಿನ ಮಧ್ಯಾಹ್ನದವರೆಗೆ ಏನೂ ತಿನ್ನದೇ ಇರುವುದನ್ನು ರೂಢಿ ಮಾಡಿಕೊಂಡಿದ್ದರು. ಟೈಂಟೇಬಲ್ ಹಾಕುವವರ ಹತ್ತಿರ ಮೊದಲ ಪೀರಿಯಡ್ ಬೇಡ ಅಂತ ಪ್ರತಿ ವರ್ಷ ಕೇಳಿಕೊಳ್ಳುತ್ತಿದ್ದರು. ಕಾರಣ ಮಾತ್ರ ಹೇಳುತ್ತಿರಲಿಲ್ಲ.

ಮೊದಲು ತೋರಿಸಿದ ಡಾಕ್ಟರ್ ನಾಲ್ಕು ಪ್ರಶ್ನೆ ಕೇಳಿ, ಹೊಟ್ಟೆ ಒತ್ತಿ ನೋಡಿ, ಒಂದು ರಕ್ತಪರೀಕ್ಷೆ ಮಾಡಿಸಿ, "ಇದು ಐಬಿಎಸ್, ಗಾಬರಿ ಬೇಡ, ಟೆನ್ಷನ್ ಕಡಿಮೆ ಮಾಡಿ" ಅಂದರು. ಹೊಟ್ಟೆ ಹಿಡಿತ ಸಡಿಲಿಸುವ ಮಾತ್ರೆ ಬರೆದರು. ಟೀಚರ್ ಕಿವಿಗೆ ಇದು ಬಿದ್ದದ್ದೇ ಬೇರೆ ಥರ: ನಿಮಗೇನೂ ಆಗಿಲ್ಲ, ಎಲ್ಲ ಮನಸ್ಸಿನದು. ಅಲ್ಲಿಂದಲೇ ಅನುಮಾನ ಶುರು.

ಅನುಮಾನ ಯಾಕೆ ಬರುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಕ್ಕರೆ ಕಾಯಿಲೆಗೆ ರಕ್ತದಲ್ಲಿ ಒಂದು ಸಂಖ್ಯೆ ಸಿಗುತ್ತದೆ, ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಐಬಿಎಸ್‌ಗೆ ಅಂಥದ್ದು ಯಾವುದೂ ಇಲ್ಲ. ಎಲ್ಲ ರಿಪೋರ್ಟೂ ನಾರ್ಮಲ್, ಆದರೆ ನೀವು ನಾರ್ಮಲ್ ಅಲ್ಲ. ಅದಕ್ಕೇ ಜನ ಇದನ್ನು "ಏನೂ ಸಿಗದಿದ್ದಾಗ ಡಾಕ್ಟರ್ ಇಡುವ ಹೆಸರು" ಅಂದುಕೊಳ್ಳುತ್ತಾರೆ.

ನಿಜದಲ್ಲಿ ಹಾಗಿಲ್ಲ. ಇದನ್ನು ಗುರುತಿಸಲು ಲಕ್ಷಣಗಳ ಮೇಲೆ ನಿಂತ ನಿಯಮಗಳು 1978ರಿಂದಲೂ ಇವೆ. ಈಗ ಹೆಚ್ಚಾಗಿ ಬಳಸುವುದು 2016ರಲ್ಲಿ ಬಂದ ರೋಮ್ 4 ಮಾನದಂಡ. ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿಗೂ ಮಲವಿಸರ್ಜನೆಗೂ ಸಂಬಂಧ ಇರಬೇಕು, ಅಥವಾ ಎಷ್ಟು ಸಲ ಹೋಗುತ್ತೀರಿ ಅನ್ನುವುದು ಬದಲಾಗಿರಬೇಕು, ಅಥವಾ ಮಲದ ರೂಪ ಬದಲಾಗಿರಬೇಕು. ಈ ಮೂರರಲ್ಲಿ ಎರಡಾದರೂ ಹೊಂದಬೇಕು. ತೊಂದರೆ ಶುರುವಾಗಿ ಕನಿಷ್ಠ ಆರು ತಿಂಗಳಾಗಿರಬೇಕು. ಇದರ ಜೊತೆಗೆ ಅಪಾಯದ ಚಿಹ್ನೆಗಳು ಇಲ್ಲ ಅಂತ ನೋಡಬೇಕು: ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಅಥವಾ ಕರುಳಿನ ಉರಿಯೂತದ ಕಾಯಿಲೆ, ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ತೊಂದರೆ. ಇಷ್ಟನ್ನು ಸರಿಯಾಗಿ ನೋಡಿ ಐಬಿಎಸ್ ಅಂತ ಹೇಳಿದ ಮೇಲೆ, ಮುಂದೆ ಅದರ ಜಾಗದಲ್ಲಿ ಬೇರೆ ದೊಡ್ಡ ಕಾಯಿಲೆ ಕಾಣಿಸಿಕೊಳ್ಳುವುದು ಅಪರೂಪ. ಐಬಿಎಸ್ ತಾನಾಗಿ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ.

ಇದರಲ್ಲಿ ಒಂದೇ ಒಂದು ಮಾತನ್ನೂ ಟೀಚರ್‌ಗೆ ಯಾರೂ ಹೇಳಿರಲಿಲ್ಲ. ಯಾವ ಆಧಾರದ ಮೇಲೆ ಆ ಹೆಸರು ಬಂತು ಅಂತ ಗೊತ್ತಿಲ್ಲದವರಿಗೆ ಅದನ್ನು ನಂಬಿ ಅಂದರೆ ಹೇಗೆ ನಂಬುತ್ತಾರೆ? ನನ್ನ ಪ್ರಕಾರ ಇಂಥ ಅನುಮಾನವನ್ನು ರೋಗಿಯ ಗುಣದೋಷ ಅಂತ ನೋಡುವುದೇ ಅನ್ಯಾಯ. ಐದು ನಿಮಿಷ ವಿವರಿಸಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತಿತ್ತು.

ಅನುಮಾನ ಮಾಡಿಸಿದ ಕೆಲಸಗಳು

ಮೊದಲು ಡಾಕ್ಟರ್ ಬದಲಿಸಿದರು. ಎರಡನೆಯವರೂ ಅದನ್ನೇ ಹೇಳಿದಾಗ ಮೂರನೆಯವರ ಹತ್ತಿರ ಹೋದರು. ಪ್ರತಿಯೊಬ್ಬರೂ ಒಂದು ಸ್ಕ್ಯಾನಿಂಗ್ ಅಥವಾ ರಕ್ತಪರೀಕ್ಷೆ ಬರೆದರು, ಪ್ರತಿ ರಿಪೋರ್ಟ್ ಬಂದಾಗಲೂ ಟೀಚರ್‌ಗೆ ಕೆಲವು ದಿನ ನೆಮ್ಮದಿ, ಆಮೇಲೆ "ಈ ಪರೀಕ್ಷೆಯಲ್ಲಿ ಕಾಣದ್ದು ಬೇರೆ ಪರೀಕ್ಷೆಯಲ್ಲಿ ಕಾಣಬಹುದಲ್ಲ" ಅನ್ನುವ ಯೋಚನೆ. ಹಳೆಯ ರಿಪೋರ್ಟ್‌ಗಳನ್ನು ಹೊಸ ಡಾಕ್ಟರಿಗೆ ತೋರಿಸುತ್ತಿರಲಿಲ್ಲ. ತೋರಿಸಿದರೆ ಇವರೂ ಐಬಿಎಸ್ ಅಂದುಬಿಡುತ್ತಾರೆ ಅನ್ನುವ ಭಯ. ಹೀಗಾಗಿ ಎಲ್ಲರೂ ಮೊದಲಿನಿಂದಲೇ ಶುರು ಮಾಡುತ್ತಿದ್ದರು, ಎಲ್ಲರೂ ಮೊದಲ ಹಂತದಲ್ಲೇ ನಿಲ್ಲುತ್ತಿದ್ದರು.

ಆಮೇಲೆ ಊಟದ ಮೇಲೆ ಅನುಮಾನ ತಿರುಗಿತು. ನೂರಾರು ಆಹಾರಗಳಿಗೆ ರಕ್ತದಲ್ಲಿ ಐಜಿಜಿ ಅನ್ನುವ ಪ್ರತಿಕಾಯ ನೋಡುವ ಒಂದು ಪರೀಕ್ಷೆ ಮಾಡಿಸಿದರು. ಕೆಂಪು ಬಣ್ಣದಲ್ಲಿ ಉದ್ದದ ಪಟ್ಟಿ ಬಂತು. ಈ ಪರೀಕ್ಷೆ ಬೇಡ ಅಂತ ಯುರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಸ್ಪಷ್ಟವಾಗಿ ಹೇಳಿವೆ. ಒಂದು ಆಹಾರದ ವಿರುದ್ಧ ಐಜಿಜಿ ಇದೆ ಅಂದರೆ ನೀವು ಅದನ್ನು ತಿಂದಿದ್ದೀರಿ ಅಂತ, ಅಷ್ಟೇ. ಟೀಚರ್ ಆ ಪಟ್ಟಿಯನ್ನು ಅಡುಗೆಮನೆಯಲ್ಲಿ ಅಂಟಿಸಿಕೊಂಡು ಒಂದೊಂದಾಗಿ ಬಿಡುತ್ತಾ ಬಂದರು. ಗೋಧಿ ಹೋಯಿತು, ಹಾಲು ಹೋಯಿತು, ಮೊಟ್ಟೆ, ಬೇಳೆಕಾಳು, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ಹೋದವು. ಗೋಧಿ ಬಿಟ್ಟಾಗ ಹೊಟ್ಟೆ ಉಬ್ಬರ ಸ್ವಲ್ಪ ಇಳಿಯಿತು. ಹಾಗಾದರೆ ಇದು ಸೀಲಿಯಾಕ್ ಕಾಯಿಲೆಯೇ ಇರಬೇಕು, ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಆಗದೇ ಕರುಳು ಹಾಳಾಗಿರಬೇಕು ಅಂತ ತೀರ್ಮಾನಿಸಿ, ಗೋಧಿ ಬಿಟ್ಟು ತಿಂಗಳುಗಳಾದ ಮೇಲೆ ಅದರ ರಕ್ತಪರೀಕ್ಷೆಗೆ ಹೋದರು. ನೆಗೆಟಿವ್ ಬಂತು. ಅವರಿಗೆ ಸಮಾಧಾನ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಗ್ಲುಟೆನ್ ತಿನ್ನುತ್ತಿರುವಾಗ ಮಾತ್ರ ಆ ಪರೀಕ್ಷೆಗೆ ಬೆಲೆ. ಬಿಟ್ಟು ಬಹಳ ದಿನ ಆಗಿದ್ದರೆ ಕಾಯಿಲೆ ಇದ್ದವರಿಗೂ ನೆಗೆಟಿವ್ ಬರಬಹುದು.

ಅಷ್ಟರಲ್ಲಿ ತೂಕ ಇಳಿಯಿತು. ಬಟ್ಟೆ ಸಡಿಲ ಆಯಿತು, ಸಹೋದ್ಯೋಗಿಗಳು ಕೇಳತೊಡಗಿದರು. ಈ ಹಂತವನ್ನು ನಾನು ತುಂಬಾ ಮುಖ್ಯ ಅಂತ ಭಾವಿಸುತ್ತೇನೆ. ದೊಡ್ಡ ಕಾಯಿಲೆ ಇರಬಹುದು ಅನ್ನುವ ಭಯಕ್ಕೆ ಊಟ ಬಿಟ್ಟರು. ಊಟ ಬಿಟ್ಟಿದ್ದಕ್ಕೆ ತೂಕ ಇಳಿಯಿತು. ತೂಕ ಇಳಿದದ್ದೇ ದೊಡ್ಡ ಕಾಯಿಲೆಗೆ ಸಾಕ್ಷಿ ಆಯಿತು. ಈ ಸುಳಿಯಲ್ಲಿ ಸಿಕ್ಕವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಒಳಗಿದ್ದಾಗ ಅದು ಸುಳಿ ಅಂತ ಗೊತ್ತಾಗುವುದೇ ಇಲ್ಲ.

ಒಂದು ಹಾಳೆ ಮತ್ತು ಪೆನ್ಸಿಲ್

ಟೀಚರ್ ನನ್ನ ಹತ್ತಿರ ಬಂದದ್ದು ಏನು ತಿನ್ನಬಹುದು ಅಂತ ಕೇಳಲು. ಅವರಿಗೆ ಹೊಸ ಪಟ್ಟಿ ಬೇಕಿತ್ತು. ಪಟ್ಟಿ ಕೊಡುವ ಮುಂಚೆ ನಾನು ಒಂದು ದೊಡ್ಡ ಹಾಳೆ ಕೊಟ್ಟು, ಅಡ್ಡಕ್ಕೆ ಒಂದು ಗೆರೆ ಎಳೆದು, ಹುಟ್ಟಿದಾಗಿನಿಂದ ಇವತ್ತಿನವರೆಗೆ ದೇಹಕ್ಕೆ ಆದದ್ದನ್ನೆಲ್ಲ ಬರೆಯಿರಿ ಅಂದೆ. ಹೊಟ್ಟೆಯದು ಮಾತ್ರ ಬೇಡ, ಎಲ್ಲ ಬರೆಯಿರಿ. ಹೆರಿಗೆ, ಆಪರೇಷನ್, ದೊಡ್ಡ ಜ್ವರ, ಬಹಳ ದಿನ ತೆಗೆದುಕೊಂಡ ಮಾತ್ರೆ. ಗೆರೆಯ ಮೇಲೆ ನೋವು, ಗೆರೆಯ ಕೆಳಗೆ ಭೇದಿ.

ಅವರು ಪಾಠದ ಬೋರ್ಡ್ ಬರೆಯುವ ಹಾಗೆ ನೀಟಾಗಿ ಬರೆದರು. ನೋವಿನ ಗುರುತು ಕಾಲೇಜಿನಿಂದ ಶುರುವಾಗಿ ಅಲ್ಲಲ್ಲಿ ಇತ್ತು. ಭೇದಿಯ ಗುರುತು ಬಲಗಡೆ ಕೊನೆಯಲ್ಲಿ ಮಾತ್ರ ದಟ್ಟವಾಗಿತ್ತು. ಅದಕ್ಕೆ ಸ್ವಲ್ಪ ಮೊದಲು, ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ "ಪಿತ್ತಕೋಶದ ಕಲ್ಲು, ಆಪರೇಷನ್" ಅಂತ ಇತ್ತು. ಅದನ್ನು ಯಾವ ಡಾಕ್ಟರಿಗಾದರೂ ಹೇಳಿದ್ದೀರಾ ಅಂತ ಕೇಳಿದೆ. ಇಲ್ಲ, ಅದು ಮುಗಿದುಹೋದ ವಿಷಯ ಅಂದುಕೊಂಡಿದ್ದೆ ಅಂದರು. ಆಮೇಲೆ ಹಾಳೆಯನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತು, ತಾವೇ ಪೆನ್ಸಿಲ್ ತುದಿಯನ್ನು ಅಲ್ಲಿಟ್ಟು, "ನೋವು ಮೊದಲಿಂದ ಇದೆ, ಓಡುವುದು ಇದಾದ ಮೇಲೆ ಬಂದದ್ದು, ಅಲ್ವಾ?" ಅಂದರು.

ಇಡೀ ಪ್ರಕರಣದಲ್ಲಿ ತಿರುವು ಅಂದರೆ ಇದೇ. ಅಷ್ಟು ವರ್ಷ ಒಂದೇ ಕಾಯಿಲೆಗೆ ಒಂದೇ ಹೆಸರು ಸರಿಯಾ ತಪ್ಪಾ ಅಂತ ನೋಡುತ್ತಿದ್ದರು. ಹಾಳೆಯ ಮೇಲೆ ಎರಡು ತೊಂದರೆ, ಎರಡು ಬೇರೆ ಬೇರೆ ಶುರುಗಳು ಕಂಡವು.

ಪಿತ್ತಕೋಶಕ್ಕೂ ಭೇದಿಗೂ ಇರುವ ನಂಟು ಹೀಗೆ. ಲಿವರ್ ಪಿತ್ತರಸ ತಯಾರಿಸುತ್ತದೆ, ಪಿತ್ತಕೋಶ ಅದನ್ನು ಕೂಡಿಟ್ಟು ಊಟದ ಹೊತ್ತಿಗೆ ಬಿಡುತ್ತದೆ. ಪಿತ್ತರಸದಲ್ಲಿರುವ ಆಮ್ಲಗಳಲ್ಲಿ ಶೇ 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಮತ್ತೆ ಹೀರಿಕೊಳ್ಳುತ್ತದೆ. ಪಿತ್ತಕೋಶ ತೆಗೆದ ಮೇಲೆ ಪಿತ್ತರಸ ಹೊತ್ತುಗೊತ್ತಿಲ್ಲದೆ ಕರುಳಿಗೆ ಇಳಿಯುತ್ತಿರುತ್ತದೆ. ಕೆಲವರಲ್ಲಿ ಅದು ಜಾಸ್ತಿಯಾಗಿ ದೊಡ್ಡ ಕರುಳನ್ನು ತಲುಪಿ, ಅಲ್ಲಿ ನೀರು ಸುರಿಸಿ, ಕರುಳನ್ನು ಓಡಿಸುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆಪರೇಷನ್ ಆದ ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ. ಆದರೆ ಭೇದಿ ಪ್ರಧಾನವಾದ ಐಬಿಎಸ್ ಅಂತ ಹೇಳಿಸಿಕೊಂಡವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಂದ ಮೂರರಲ್ಲಿ ಒಬ್ಬರಿಗೆ ಪಿತ್ತಾಮ್ಲದ ಭೇದಿ ಇರುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಪಿತ್ತಕೋಶ ಇರುವವರಲ್ಲೂ ಬರಬಹುದು. ಇಷ್ಟು ಸಾಮಾನ್ಯವಾದದ್ದನ್ನು ಇಷ್ಟು ಕಡಿಮೆ ಕೇಳುತ್ತಾರೆ ಅನ್ನುವುದು ನನಗೆ ಈಗಲೂ ಬೇಸರದ ವಿಷಯ.

ನಾನು ಆಹಾರ ತಜ್ಞೆ, ರೋಗ ನಿರ್ಣಯ ನನ್ನ ಕೆಲಸ ಅಲ್ಲ. ಹೊಟ್ಟೆಯ ತಜ್ಞ ವೈದ್ಯರ ಹತ್ತಿರ ಹೋಗಿ, ಆದರೆ ಈ ಸಲ ಹಾಳೆ ಸಮೇತ, ಹಳೆಯ ಎಲ್ಲ ರಿಪೋರ್ಟ್ ಸಮೇತ ಹೋಗಿ ಅಂದೆ.

ರಾತ್ರಿಯ ಪ್ರಶ್ನೆ

ಹೋಗುವ ಮುಂಚೆ ಒಂದು ವಿಷಯ ಬಿಡಿಸಬೇಕಿತ್ತು. ಟೀಚರ್ ಎಲ್ಲ ಡಾಕ್ಟರಿಗೂ "ರಾತ್ರಿನೂ ಹೋಗುತ್ತೇನೆ" ಅಂತ ಹೇಳುತ್ತಿದ್ದರು. ಇದು ಸಣ್ಣ ಮಾತಲ್ಲ. ಗಾಢ ನಿದ್ದೆಯಿಂದ ಎಬ್ಬಿಸುವ ಭೇದಿ ಅಂದರೆ ಡಾಕ್ಟರ್ ಐಬಿಎಸ್ ಆಚೆಗೂ ಯೋಚಿಸಬೇಕು. ಕರುಳಿನ ಉರಿಯೂತದಲ್ಲಿ ಹಾಗಾಗಬಹುದು, ಪಿತ್ತಾಮ್ಲದ ಭೇದಿಯಲ್ಲೂ ಆಗಬಹುದು.

ಹಾಗಾಗಿ ಕೆಲವು ವಾರ ಡೈರಿ ಬರೆದರು. ಊಟದ ಡೈರಿ ಬೇಡ ಅಂದೆ, ಅದು ಅವರ ಭಯವನ್ನು ಹೆಚ್ಚಿಸುತ್ತಿತ್ತು. ಬರೀ ಹೊತ್ತು, ಮಲದ ರೂಪ, ನೋವು ಎಷ್ಟು, ಮತ್ತು ಎಚ್ಚರ ಆದದ್ದು ಯಾಕೆ. ಮಲದ ರೂಪಕ್ಕೆ ಬ್ರಿಸ್ಟಲ್ ಪಟ್ಟಿ ಕೊಟ್ಟೆ. 1ರಿಂದ 7ರವರೆಗೆ ಸಂಖ್ಯೆ, 1 ಅಂದರೆ ಗಟ್ಟಿ ಉಂಡೆಗಳು, 7 ಅಂದರೆ ಪೂರ್ತಿ ನೀರು. ಇದರಿಂದ ಒಂದು ಅನುಕೂಲ ಇದೆ. ಬಾಯಲ್ಲಿ ಹೇಳಲು ಮುಜುಗರ ಪಡುವವರು ಸಂಖ್ಯೆಯನ್ನು ಸಲೀಸಾಗಿ ಬರೆಯುತ್ತಾರೆ.

ಡೈರಿಯಲ್ಲಿ ಕಂಡದ್ದು ಬೇರೆ. ಅವರನ್ನು ಎಬ್ಬಿಸುತ್ತಿದ್ದದ್ದು ಹೊಟ್ಟೆ ಅಲ್ಲ, ಅಲಾರಂ. ಶಾಲೆಗೆ ಹೊರಡುವ ಮುಂಚೆ ಹೊಟ್ಟೆ ಪೂರ್ತಿ ಖಾಲಿ ಆಗಲಿ ಅಂತ ನಸುಕಿನಲ್ಲೇ ಅಲಾರಂ ಇಟ್ಟು ಏಳುತ್ತಿದ್ದರು. ಎದ್ದು ಬಿಸಿನೀರು ಕುಡಿದು ಕಾಯುತ್ತಿದ್ದರು. ರಜೆ ಇರುವ ದಿನ ಬೆಳಿಗ್ಗೆವರೆಗೆ ನಿದ್ದೆ. ಸುಳ್ಳು ಹೇಳುತ್ತಿದ್ದರು ಅಂತಲ್ಲ, ಕತ್ತಲಲ್ಲಿ ಹೋಗುತ್ತಿದ್ದದ್ದು ನಿಜವೇ. ಎದ್ದದ್ದು ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಡಾಕ್ಟರ್ ಹತ್ತಿರ ನಡೆದದ್ದು

ತಜ್ಞರು ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದರಂತೆ. ಟೀಚರ್ ತಮ್ಮ ಭಯವನ್ನು ನೇರವಾಗಿ ಪ್ರಶ್ನೆಗಳಾಗಿ ಬರೆದುಕೊಂಡು ಹೋಗಿದ್ದರು. ಕ್ಯಾನ್ಸರ್ ಇದೆಯಾ? ಕರುಳಿನ ಉರಿಯೂತ ಇದೆಯಾ? ಸೀಲಿಯಾಕ್ ಇದೆಯಾ? ಪಿತ್ತರಸದ್ದಾ? ಪ್ರತಿಯೊಂದರ ಮುಂದೆ ಡಾಕ್ಟರ್ ಒಂದೊಂದು ಪರೀಕ್ಷೆ ಬರೆದರು. "ನನಗೆ ಏನೋ ಆಗಿದೆ" ಅನ್ನುವುದಕ್ಕೆ ಯಾವ ಪರೀಕ್ಷೆಯೂ ಇಲ್ಲ, "ಸೀಲಿಯಾಕ್ ಇದೆಯಾ" ಅನ್ನುವುದಕ್ಕೆ ಇದೆ. ಅನುಮಾನ ಪಡುವವರಿಗೆ ನಾನು ಮೊದಲು ಹೇಳುವ ಮಾತು ಈಗ ಇದೇ ಆಗಿದೆ.

ಸೀಲಿಯಾಕ್ ಪರೀಕ್ಷೆಗೆ ಮತ್ತೆ ಗೋಧಿ ತಿನ್ನಬೇಕಾಯಿತು. ಬ್ರಿಟನ್ನಿನ ಮಾರ್ಗಸೂಚಿ ಪ್ರಕಾರ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗ್ಲುಟೆನ್ ಇರುವ ಊಟ ಮಾಡಬೇಕು. ಟೀಚರ್‌ಗೆ ಇದು ಬಹಳ ಕಷ್ಟದ ಕಾಲ. ಹೊಟ್ಟೆ ಉಬ್ಬಿತು, ಎರಡು ಸಲ ಬಿಟ್ಟುಬಿಡುತ್ತೇನೆ ಅಂತ ಫೋನ್ ಮಾಡಿದರು. ಈಗ ಬಿಟ್ಟರೆ ಇದೇ ಪ್ರಶ್ನೆ ಮುಂದಿನ ವರ್ಷವೂ ಹಾಗೇ ಇರುತ್ತದೆ ಅಂತ ಇಬ್ಬರೂ ಮಾತಾಡಿಕೊಂಡು ಮುಂದುವರಿಸಿದೆವು. ಪರೀಕ್ಷೆ ನೆಗೆಟಿವ್. ಈ ಸಲದ ನೆಗೆಟಿವ್‌ಗೆ ಅರ್ಥ ಇತ್ತು.

ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಸ್ವಲ್ಪ ಗಾಬರಿ ಹುಟ್ಟಿಸಿತು. ಕರುಳಿನಲ್ಲಿ ಉರಿಯೂತ ಇದ್ದರೆ ಇದು ಏರುತ್ತದೆ, ಸಾಮಾನ್ಯವಾಗಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ನಾರ್ಮಲ್ ಅನ್ನುತ್ತಾರೆ. ಇವರದ್ದು 50 ದಾಟಿತ್ತು, 100 ಮುಟ್ಟಿರಲಿಲ್ಲ. ಟೀಚರ್ ಆ ರಾತ್ರಿ ನಿದ್ದೆ ಮಾಡಲಿಲ್ಲ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, ನೋವಿನ ಮಾತ್ರೆ ತೆಗೆದುಕೊಳ್ಳುತ್ತೀರಾ? ತಲೆನೋವಿಗೆ ಆಗಾಗ ಐಬುಪ್ರೊಫೆನ್ ತೆಗೆದುಕೊಳ್ಳುತ್ತಿದ್ದರು. ಆ ಗುಂಪಿನ ಮಾತ್ರೆಗಳು ಕರುಳಿನ ಒಳಪದರವನ್ನು ಕೆರಳಿಸಿ ಈ ಸಂಖ್ಯೆಯನ್ನು ಏರಿಸಬಲ್ಲವು. ಅದನ್ನು ನಿಲ್ಲಿಸಿ ಕೆಲವು ವಾರ ಬಿಟ್ಟು ಮತ್ತೆ ನೋಡಿದಾಗ 50ರ ಕೆಳಗೆ ಬಂದಿತ್ತು.

ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿಯನ್ನೂ ಮಾಡಿಸಿದರು. ತೂಕ ಇಳಿದದ್ದು ಊಟ ಬಿಟ್ಟಿದ್ದಕ್ಕೆ ಅಂತ ಎಲ್ಲರಿಗೂ ಅನ್ನಿಸುತ್ತಿತ್ತು, ಆದರೂ ಆ ವಯಸ್ಸಿನಲ್ಲಿ ಹಾಗೆ ಊಹೆ ಮಾಡಿ ಬಿಡುವುದು ಬೇಡ ಅಂದರು ಡಾಕ್ಟರ್. ನನಗೂ ಸರಿ ಅನ್ನಿಸಿತು. ಒಳಗೆ ಎಲ್ಲ ಚೆನ್ನಾಗಿ ಕಂಡರೂ ಅಲ್ಲಲ್ಲಿ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಇದು ಯಾಕೆ ಅಂದರೆ ಮೈಕ್ರೋಸ್ಕೋಪಿಕ್ ಕೊಲೈಟಿಸ್ ಅನ್ನುವ ಕಾಯಿಲೆಯಲ್ಲಿ ಕಣ್ಣಿಗೆ ಕರುಳು ನಾರ್ಮಲ್ ಆಗಿಯೇ ಕಾಣಬಹುದು, ಸೂಕ್ಷ್ಮದರ್ಶಕದಲ್ಲಿ ಮಾತ್ರ ಸಿಗುತ್ತದೆ. ಮಧ್ಯವಯಸ್ಸು ದಾಟಿದ ಹೆಂಗಸರಲ್ಲಿ ನೀರಿನಂಥ ಭೇದಿಗೆ ಅದೂ ಒಂದು ಕಾರಣ. ಬಯಾಪ್ಸಿಯೂ ನಾರ್ಮಲ್.

ಕೊಲೊನೋಸ್ಕೋಪಿಗೆ ಮುಂಚೆಯೇ ಡಾಕ್ಟರ್ ಒಂದು ಮಾತು ಆಡಿದ್ದರು, ಅದು ಇಡೀ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ ಮಾತು. ಇದು ನಾರ್ಮಲ್ ಬಂದರೆ ಮುಂದೇನು ಅಂತ ಈಗಲೇ ಮಾತಾಡೋಣ ಅಂದರಂತೆ. ರಿಪೋರ್ಟ್ ಬಂದ ಮೇಲೆ ಮಾತಾಡಿದರೆ ಇನ್ನೊಂದು ಪರೀಕ್ಷೆಯ ಆಸೆ ಹುಟ್ಟುತ್ತದೆ. ಮೊದಲೇ ಒಪ್ಪಿಕೊಂಡರೆ ಒಂದು ಕಡೆ ನಿಲ್ಲಲು ಆಗುತ್ತದೆ. ಇಬ್ಬರೂ ಸೇರಿ ಬರೆದುಕೊಂಡರು: ಇಷ್ಟೂ ನಾರ್ಮಲ್ ಬಂದರೆ ಹುಡುಕಾಟ ನಿಲ್ಲಿಸಿ ಚಿಕಿತ್ಸೆಗೆ ಇಳಿಯುವುದು, ಮತ್ತೆ ಯಾವ ಲಕ್ಷಣ ಬಂದರೆ ಹುಡುಕಾಟ ತೆರೆಯುವುದು ಅಂತ.

ಏನಾಯಿತು

ಪಿತ್ತಾಮ್ಲದ ಭೇದಿಯನ್ನು ಅಳೆಯಲು ಸೆಹ್‌ಕ್ಯಾಟ್ ಅನ್ನುವ ಸ್ಕ್ಯಾನ್ ಇದೆ, ಆದರೆ ಅದು ಎಲ್ಲ ದೇಶದಲ್ಲೂ ಸಿಗುವುದಿಲ್ಲ. ಸಿಗದ ಕಡೆ ಡಾಕ್ಟರ್‌ಗಳು ಪಿತ್ತಾಮ್ಲವನ್ನು ಹಿಡಿದಿಡುವ ಔಷಧಿಯನ್ನೇ ಕೊಟ್ಟು ನೋಡುವುದುಂಟು. ಟೀಚರ್‌ಗೆ ಕೊಲೆಸ್ಟೈರಮಿನ್ ಪುಡಿ ಕೊಟ್ಟರು. ನೀರಿನಲ್ಲಿ ಕಲಸಿ ಕುಡಿಯುವುದು, ಮರಳು ಮರಳಾಗಿರುತ್ತದೆ. ಒಂದು ವಾರದೊಳಗೆ ಡೈರಿಯಲ್ಲಿ 6, 7 ಇದ್ದದ್ದು 4, 5ಕ್ಕೆ ಇಳಿಯಿತು. ಆಮೇಲೆ ಮಲಬದ್ಧತೆ ಆಗಿ ಪ್ರಮಾಣ ಕಡಿಮೆ ಮಾಡಬೇಕಾಯಿತು. ಅವರಿಗೆ ಥೈರಾಯ್ಡ್ ಮಾತ್ರೆಯೂ ಇತ್ತು. ಈ ಪುಡಿ ಬೇರೆ ಔಷಧಿಗಳನ್ನೂ ಕರುಳಿನಲ್ಲಿ ಹಿಡಿದುಬಿಡುತ್ತದೆ, ಹಾಗಾಗಿ ಉಳಿದ ಮಾತ್ರೆಗಳನ್ನು ಇದಕ್ಕೆ ಕನಿಷ್ಠ 1 ಗಂಟೆ ಮೊದಲು ಅಥವಾ 4ರಿಂದ 6 ಗಂಟೆ ಆದಮೇಲೆ ತೆಗೆದುಕೊಳ್ಳಬೇಕು. ಹೊತ್ತು ಹೊಂದಿಸಿಕೊಳ್ಳಲು ಸ್ವಲ್ಪ ದಿನ ಹಿಡಿಯಿತು.

ಅವಸರ ನಿಂತಿತು ಅಂದ ಕೂಡಲೇ ಟೀಚರ್ ಕೇಳಿದ್ದು, "ಹಾಗಾದರೆ ಐಬಿಎಸ್ ಅಂದದ್ದು ತಪ್ಪು ತಾನೇ?" ಅಂತ. ಆದರೆ ನೋವು ಹಾಗೇ ಇತ್ತು. ಉಬ್ಬರವೂ ಇತ್ತು. ಪುಡಿ ಮುಟ್ಟದ ಈ ಭಾಗ ಕಾಲೇಜಿನಿಂದ ಬಂದದ್ದು, ಮಾನದಂಡಕ್ಕೆ ಸರಿಯಾಗಿ ಹೊಂದುತ್ತಿದ್ದದ್ದು. ಮೊದಲ ಡಾಕ್ಟರ್ ಇಟ್ಟ ಹೆಸರು ತಪ್ಪಿರಲಿಲ್ಲ, ಆದರೆ ಅದು ಎಲ್ಲವನ್ನೂ ವಿವರಿಸುತ್ತಿರಲಿಲ್ಲ. ಟೀಚರ್‌ಗೆ ಇದನ್ನು ಒಪ್ಪಿಕೊಳ್ಳುವುದು ಪರೀಕ್ಷೆಗಳಿಗಿಂತ ಕಷ್ಟ ಆಯಿತು. ಒಂದು ಕಾರಣ ಸಿಕ್ಕಿತಲ್ಲ, ಹಾಗಾದರೆ ನೋವಿಗೂ ಒಂದು ಕಾರಣ ಎಲ್ಲೋ ಅಡಗಿರಬೇಕು ಅನ್ನುವುದು ಅವರ ವಾದ.

ಆಗ ನೆರವಿಗೆ ಬಂದದ್ದು ನೋವು ಹೇಗೆ ಹುಟ್ಟುತ್ತದೆ ಅನ್ನುವ ವಿವರಣೆ. ದೊಡ್ಡ ಕರುಳಿನ ಕೆಳಭಾಗದಲ್ಲಿ ಸಣ್ಣ ಬಲೂನು ಇಟ್ಟು ಊದಿಸಿ ನೋಡಿದ ಪ್ರಯೋಗಗಳು 1973ರಿಂದಲೂ ಇವೆ. ಬೇರೆಯವರಿಗೆ ಬರೀ ತುಂಬಿದ ಹಾಗೆ ಅನ್ನಿಸುವ ಹಿಗ್ಗುವಿಕೆ ಐಬಿಎಸ್ ಇರುವ ಅನೇಕರಿಗೆ ನೋವಾಗಿ ಅನ್ನಿಸುತ್ತದೆ. ಕರುಳಿನ ನರಗಳು ಜಾಸ್ತಿ ಚುರುಕು, ಮಿದುಳಿಗೆ ಹೋಗುವ ಸುದ್ದಿ ಜಾಸ್ತಿ ಜೋರು. ಇದು ದೇಹದಲ್ಲಿ ನಡೆಯುವ ಕೆಲಸ, ಕಲ್ಪನೆ ಅಲ್ಲ. "ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ" ಅಂತ ಟೀಚರ್ ಅತ್ತುಬಿಟ್ಟರು.

ಊಟವನ್ನು ನಾವು ಹಿಂದುಮುಂದಾಗಿ ಶುರು ಮಾಡಿದೆವು. ಬಿಡುವುದರಿಂದ ಶುರು ಮಾಡದೆ, ಬಿಟ್ಟಿದ್ದನ್ನು ಒಂದೊಂದಾಗಿ ವಾಪಸ್ ತರುವುದರಿಂದ. ಕಡಿಮೆ ಫಾಡ್‌ಮ್ಯಾಪ್ (ಕರುಳು ಸರಿಯಾಗಿ ಹೀರಿಕೊಳ್ಳದೆ ಗಾಳಿ ಹುಟ್ಟಿಸುವ ಕೆಲವು ಥರದ ಸಕ್ಕರೆಗಳು) ಊಟದ ಪದ್ಧತಿಯನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು. ಅದರಲ್ಲಿ ಬಿಡುವ ಹಂತ 2ರಿಂದ 6 ವಾರ ಅಷ್ಟೇ, ಆಮೇಲೆ ಒಂದೊಂದೇ ತಿಂದು ನೋಡುವುದು, ಕೊನೆಗೆ ತೊಂದರೆ ಕೊಡದ ಎಲ್ಲವನ್ನೂ ಉಳಿಸಿಕೊಳ್ಳುವುದು. ಬಹಳ ಜನ ಮೊದಲ ಹಂತದಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತಾರೆ. ಟೀಚರ್ ಆಗಲೇ ಅದಕ್ಕಿಂತ ಬಿಗಿಯಾದ ಪಥ್ಯದಲ್ಲಿದ್ದರು. ಮೊಟ್ಟೆ ಬಂತು, ಏನೂ ಆಗಲಿಲ್ಲ. ಹಾಲು ಸ್ವಲ್ಪ ಪ್ರಮಾಣದಲ್ಲಿ ಸರಿಹೋಯಿತು. ಬೇಳೆಕಾಳು ಕಡಿಮೆ ಪ್ರಮಾಣದಲ್ಲಿ ಸರಿ. ಈರುಳ್ಳಿ, ಬೆಳ್ಳುಳ್ಳಿ ಮತ್ತು ಗೋಧಿ ಜಾಸ್ತಿ ಆದರೆ ಉಬ್ಬರ. ಈ ಮೂರರಲ್ಲೂ ಇರುವುದು ಫ್ರಕ್ಟಾನ್ ಅನ್ನುವ ಸಕ್ಕರೆಯ ಸರಪಳಿ. ನಾರ್ವೆಯಲ್ಲಿ, ಗ್ಲುಟೆನ್ ಆಗುವುದಿಲ್ಲ ಅಂತ ನಂಬಿದ್ದ 59 ಜನರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತೊಂದರೆ ಕೊಟ್ಟದ್ದು ಗ್ಲುಟೆನ್‌ಗಿಂತ ಫ್ರಕ್ಟಾನ್ ಅಂತ ಕಂಡುಬಂತು. ಟೀಚರ್ ಗೋಧಿ ಬಿಟ್ಟಾಗ ಹಗುರ ಆದದ್ದು ನಿಜ, ಅದಕ್ಕೆ ಕೊಟ್ಟುಕೊಂಡ ಕಾರಣ ಬೇರೆ ಆಗಿತ್ತು.

ನೋವಿಗೆ ಡಾಕ್ಟರ್ ಅಮಿಟ್ರಿಪ್ಟಿಲಿನ್ ಕಡಿಮೆ ಪ್ರಮಾಣದಲ್ಲಿ ಹೇಳಿದರು. ಇದು ಖಿನ್ನತೆಗೆ ಕೊಡುವ ಮಾತ್ರೆ ಅಂತ ಚೀಟಿ ಓದಿದ ಕೂಡಲೇ ಟೀಚರ್ ತಡೆದರು. ಮತ್ತೆ ಅದೇ, ಎಲ್ಲ ಮನಸ್ಸಿನದು ಅನ್ನುತ್ತಿದ್ದೀರಿ ಅಂತ. ಖಿನ್ನತೆಗೆ ಬೇಕಾಗುವ ಪ್ರಮಾಣ ಇದಕ್ಕಿಂತ ಬಹಳ ಜಾಸ್ತಿ. 10ರಿಂದ 30 ಮಿಲಿಗ್ರಾಂನಲ್ಲಿ ಅದು ನೋವಿನ ನರಗಳ ಮೇಲೆ ಕೆಲಸ ಮಾಡುತ್ತದೆ. ಇಂಗ್ಲೆಂಡಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಟ್ಲಾಂಟಿಸ್ ಅನ್ನುವ ಪ್ರಯೋಗದಲ್ಲಿ, ಆರು ತಿಂಗಳಲ್ಲಿ ಇದು ಹುಸಿಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಇದನ್ನು ಕೇಳಿಯೂ ಅವರು ಕೂಡಲೇ ಒಪ್ಪಲಿಲ್ಲ, ಕೆಲವು ವಾರ ಯೋಚಿಸಿ ಶುರು ಮಾಡಿದರು. ಬಾಯಿ ಒಣಗುತ್ತದೆ, ಬೆಳಿಗ್ಗೆ ಸ್ವಲ್ಪ ಮಂಪರು. ನೋವು ಪೂರ್ತಿ ಹೋಗಿಲ್ಲ. ನೋವಿನ ದಿನಗಳು ಕಡಿಮೆ ಆಗಿವೆ, ತೂಕ ಹಿಂದಿನ ಮಟ್ಟಕ್ಕೆ ಬಂದಿದೆ. ತೂಕ ಮರಳಿ ಬಂದದ್ದೇ ಅವರಿಗೆ ಯಾವ ರಿಪೋರ್ಟ್‌ಗಿಂತಲೂ ಹೆಚ್ಚು ಧೈರ್ಯ ಕೊಟ್ಟಿತು.

ಅನುಮಾನ ಮತ್ತೆ ಬಂದಾಗ

ಸುಮಾರು ಒಂದು ವರ್ಷದ ಮೇಲೆ ಶಾಲೆಯ ಒಬ್ಬ ಸಹೋದ್ಯೋಗಿಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಅದೇ ವಾರ ಟೀಚರ್‌ಗೆ ಹೊಟ್ಟೆನೋವು ಜೋರಾಯಿತು. ಇನ್ನೊಂದು ಕೊಲೊನೋಸ್ಕೋಪಿ ಮಾಡಿಸಬೇಕು ಅಂತ ನಿರ್ಧಾರ ಮಾಡಿ, ಬೇರೊಬ್ಬ ಡಾಕ್ಟರ್ ಹತ್ತಿರ ಸಮಯವನ್ನೂ ತೆಗೆದುಕೊಂಡರು. ಹೋಗುವ ಹಿಂದಿನ ದಿನ ನನಗೆ ಫೋನ್ ಮಾಡಿದರು. ನಾನು ಹೋಗಬೇಡಿ ಅನ್ನಲಿಲ್ಲ. ಡಾಕ್ಟರ್ ಜೊತೆ ಬರೆದುಕೊಂಡ ಆ ಕಾಗದ ತೆಗೆದು ಓದಿ ಅಂದೆ. ಓದಿದರು, ಫೋನಿನಲ್ಲೇ, ಗಟ್ಟಿಯಾಗಿ. ಮಲದಲ್ಲಿ ರಕ್ತ: ಇಲ್ಲ. ಪ್ರಯತ್ನ ಇಲ್ಲದೆ ತೂಕ ಇಳಿಯುವುದು: ಇಲ್ಲ. ನಿದ್ದೆಯಿಂದ ಎಬ್ಬಿಸುವ ಭೇದಿ: ಇಲ್ಲ. ಜ್ವರ, ರಕ್ತಹೀನತೆ: ಇಲ್ಲ. ನೋವಿನ ಜಾಗ ಅಥವಾ ಥರ ಬದಲಾಗಿ ಹೊಸದಾಗಿ ಕಾಣುವುದು: ಇಲ್ಲ, ಹಳೆಯದೇ. ಆ ಹೊಸ ಡಾಕ್ಟರ್ ಸಮಯವನ್ನು ರದ್ದು ಮಾಡಿ, ತಮ್ಮ ತಜ್ಞರಿಗೇ ತೋರಿಸಿದರು. ಅವರು ರಕ್ತಪರೀಕ್ಷೆ ಒಂದನ್ನು ಮಾಡಿಸಿ ಅಲ್ಲಿಗೆ ನಿಲ್ಲಿಸಿದರು.

ಟೀಚರ್ ಈಗಲೂ ಅದೇ ಕಾಗದ ಇಟ್ಟುಕೊಂಡಿದ್ದಾರೆ, ಅದಕ್ಕೆ ಡಾಕ್ಟರ್ ಒಂದು ಸಾಲು ಸೇರಿಸಿದ್ದಾರೆ. ಐವತ್ತು ದಾಟಿದ ಮೇಲೆ ಉಬ್ಬರ ಹೊಸದಾಗಿ, ದಿನಾ ಬಿಡದೆ ಇದ್ದರೆ ಅದನ್ನು ಐಬಿಎಸ್ ಖಾತೆಗೆ ಹಾಕಬೇಡಿ, ಅಂಡಾಶಯದ ಪರೀಕ್ಷೆ ಮಾಡಿಸಿ ಅಂತ. ಕೊಲೆಸ್ಟೈರಮಿನ್ ಬಹಳ ಕಾಲ ತೆಗೆದುಕೊಂಡರೆ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು ಕಡಿಮೆ ಆಗಬಹುದು, ಅದಕ್ಕೆ ವಿಟಮಿನ್ ಡಿ ಮಟ್ಟವನ್ನು ಆಗಾಗ ನೋಡಿಸುತ್ತಿದ್ದಾರೆ. ಪುಡಿಯ ಪ್ರಮಾಣವನ್ನು ಇನ್ನೂ ಇಳಿಸಬಹುದಾ ಅನ್ನುವುದು ಮುಂದಿನ ಭೇಟಿಯಲ್ಲಿ ಮಾತಾಡಬೇಕಿರುವ ವಿಷಯ. ಈ ವರ್ಷ ಮೊದಲ ಪೀರಿಯಡ್ ಕೊಟ್ಟಿದ್ದಾರೆ, ತೆಗೆದುಕೊಂಡಿದ್ದಾರೆ.